ಸೌಟು ಹಿಡಿದವರ ಮಾತು

ಶಾಲೆಯ ಡೈರಿಗೆ ಸಹಿ ಹಾಕಲೆಂದು ಮಗಳ ಚೀಲ ತೆರೆದಾಗ ಒಂದು ಸಣ್ಣ ನೋಟ್‌ಪುಸ್ತಕ ಕೈಗೆ ಬಂತು. ಸ್ಕೇಲಿಟ್ಟು ಗೆರೆ ಎಳೆದು ಮೂರು ಕಾಲಂ ಮಾಡಿದ್ದಳು: ಯಾರಿಂದ, ಯಾರಿಗೆ, ವಿಷಯ. ‘ಅಮ್ಮನಿಂದ ಅಪ್ಪನಿಗೆ: ಗ್ಯಾಸ್ ಬುಕ್ ಮಾಡಬೇಕು.’ ‘ಅಪ್ಪನಿಂದ ಅಮ್ಮನಿಗೆ: ಆಯಿತು.’ ‘ಅಮ್ಮನಿಂದ ಅಪ್ಪನಿಗೆ: ನಾಳೆ ಪೋಷಕರ ಸಭೆಗೆ ಯಾರು ಹೋಗುವುದು?’ ‘ಅಪ್ಪನಿಂದ ಅಮ್ಮನಿಗೆ: ಯಾರಾದರೂ.’ ಪುಟದ ಕೊನೆಯಲ್ಲಿ ಲೆಕ್ಕ. ಒಂದು ಸಂದೇಶಕ್ಕೆ ಒಂದು ರೂಪಾಯಿಯಂತೆ 43 ರೂಪಾಯಿ, ಬಾಕಿ. ಅವಳಿಗಾಗ ಹನ್ನೊಂದು ವರ್ಷ.

ಅಷ್ಟು ಹೊತ್ತಿಗೆ ನಾನೂ ನನ್ನ ಹೆಂಡತಿಯೂ ನೇರವಾಗಿ ಮಾತನಾಡಿ ಹದಿನೇಳು ದಿನವಾಗಿತ್ತು. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂದು ಗಾದೆ ಕಟ್ಟಿದವರಿಗೆ ಉಂಡು, ಮಲಗಿ, ಎದ್ದು, ಮತ್ತೆ ಉಂಡು ತಿಂಗಳುಗಟ್ಟಲೆ ನಡೆಯುವ ಜಗಳದ ಪರಿಚಯ ಇರಲಿಲ್ಲವೆಂದು ಕಾಣುತ್ತದೆ. ನಮ್ಮದು ಆ ಜಾತಿಯದು.

ಕಾರಣ ಹೇಳಿಬಿಡುತ್ತೇನೆ. ನಾನು ಮೈಸೂರಿನ ಕಾಲೇಜೊಂದರಲ್ಲಿ ಗ್ರಂಥಪಾಲಕ. ‘ನಿಶ್ಶಬ್ದ’ ಎಂಬ ಫಲಕದ ಕೆಳಗೆ ಹದಿನೆಂಟು ವರ್ಷ ಕುಳಿತವನು. ಹೆಂಡತಿ ಸಹಕಾರಿ ಬ್ಯಾಂಕಿನಲ್ಲಿ ಕ್ಯಾಷಿಯರ್. ಗಾಜಿನ ಆಚೆಗಿರುವವರಿಗೆ ಕೇಳಿಸುವಂತೆ ದಿನವಿಡೀ ಗಟ್ಟಿಯಾಗಿ ಮಾತನಾಡಬೇಕಾದ ಕೆಲಸ ಅವಳದು. ನನ್ನ ತಮ್ಮ ಪಿರಿಯಾಪಟ್ಟಣದ ಕಡೆ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಹಾಕಿದ್ದ. ಗೆಡ್ಡೆಗೆ ಕೊಳೆ ರೋಗ ಬಂತು. ಉಳಿದದ್ದನ್ನು ಕಿತ್ತು ಮೂಟೆ ಕಟ್ಟುವ ಹೊತ್ತಿಗೆ ಬೆಲೆ ನೆಲ ಕಚ್ಚಿತ್ತು. ನಾನು ನೌಕರರ ಪತ್ತಿನ ಸಹಕಾರ ಸಂಘದಿಂದ ನಾಲ್ಕು ಲಕ್ಷ ಸಾಲ ತೆಗೆದು ಅವನ ಕೈಗಿಟ್ಟೆ. ಕಂತು ತಿಂಗಳಿಗೆ 8,900 ರೂಪಾಯಿ, ಸಂಬಳದಲ್ಲೇ ಮುರಿದುಕೊಳ್ಳುತ್ತಾರೆ. ಹೆಂಡತಿಗೆ ಹೇಳಲಿಲ್ಲ. ಹೇಳಬೇಕೆಂದು ಹತ್ತು ಸಲ ಅಂದುಕೊಂಡೆ; ಪ್ರತಿ ಸಲವೂ ಅಡುಗೆಮನೆಯ ಬಾಗಿಲ ತನಕ ಹೋಗಿ, ‘ಕಾಫಿ ಇದೆಯಾ?’ ಎಂದು ಕೇಳಿ ವಾಪಸಾದೆ. ಹದಿನಾಲ್ಕು ತಿಂಗಳ ಮೇಲೆ, ಆದಾಯ ತೆರಿಗೆಯ ಕಾಗದಪತ್ರ ಜೋಡಿಸುತ್ತಿದ್ದವಳ ಕಣ್ಣಿಗೆ ಸಂಬಳದ ಚೀಟಿಯ ಕಡಿತದ ಕಾಲಂ ಬಿತ್ತು.

ಆ ರಾತ್ರಿ ಅವಳು ಕೂಗಿದಳು. ನಾನು ಚಾಪೆ ತೆಗೆದುಕೊಂಡು ತಾರಸಿಗೆ ಹೋದೆ. ಮರುದಿನ ಅವಳು ಇನ್ನಷ್ಟು ಕೂಗಿದಳು. ನಾನು ಊಟವನ್ನೂ ಮೇಲೆಯೇ ಮಾಡಿದೆ. ಜಗಳಗಂಟನಲ್ಲ ಎಂಬ ಹೆಮ್ಮೆ ನನಗೆ ಮೊದಲಿಂದಲೂ ಇತ್ತು. ಅವಳ ದನಿ ಪಕ್ಕದ ಮನೆಗೆ ಕೇಳಿಸುತ್ತಿತ್ತು, ನನ್ನದು ಕೇಳಿಸುತ್ತಿರಲಿಲ್ಲ. ಆದ್ದರಿಂದ ತಪ್ಪು ಅವಳದೇ ಎಂಬಂತೆ ನಾನು ನಡೆದುಕೊಂಡೆ.

ಪಂಚಾಯಿತಿಯೂ ಆಯಿತು. ಕೆ.ಆರ್. ನಗರದಲ್ಲಿ ಅವಳ ಸೋದರಮಾವನ ಮನೆ. ಹಿರಿಯರು ಐದು ಜನ. ಉಪ್ಪಿಟ್ಟು, ಕೇಸರಿಬಾತು. ನನಗೆ, ‘ಇನ್ನು ಮುಂದೆ ಹೇಳಿ ಮಾಡಪ್ಪ’ ಎಂದರು. ಅವಳಿಗೆ, ‘ಸ್ವಂತ ತಮ್ಮನಿಗೆ ತಾನೇ ಕೊಟ್ಟದ್ದು, ಹೊಂದಿಕೊಂಡು ಹೋಗಬೇಕಮ್ಮ’ ಎಂದರು. ಕಾಲು ಗಂಟೆಯಲ್ಲಿ ಮುಗಿಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕುಳಿತೆವು.

ಅದಾದ ಮೇಲೆ ಅವಳು ಒಬ್ಬಳೇ ವಕೀಲರೊಬ್ಬರನ್ನು ಕಂಡು ಬಂದಿದ್ದಳು. ಇದು ನನಗೆ ಆಮೇಲೆ ಗೊತ್ತಾದದ್ದು. ಆ ಹೆಂಗಸು ಕಾನೂನನ್ನು ಬಿಡಿಸಿ ಹೇಳಿದ್ದರಂತೆ. ಹಿಂದೂ ವಿವಾಹ ಕಾಯ್ದೆಯ 13-ಬಿ ಕಲಮಿನಂತೆ ಇಬ್ಬರೂ ಒಪ್ಪಿ ಬೇರೆಯಾಗಬೇಕಾದರೆ ಕನಿಷ್ಠ ಒಂದು ವರ್ಷ ಬೇರೆ ಬೇರೆ ಬದುಕಿರಬೇಕು. ಅರ್ಜಿ ಹಾಕಿದ ಮೇಲೆ ಮತ್ತೆ ಆರು ತಿಂಗಳು ಕಾಯಬೇಕು. ಕೂಡಿ ಬಾಳುವ ಸಾಧ್ಯತೆಯೇ ಇಲ್ಲವೆಂದು ಮನವರಿಕೆಯಾದರೆ ಈ ಆರು ತಿಂಗಳನ್ನು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಕೊನೆಗೆ ಇನ್ನೊಂದು ಮಾತು ಸೇರಿಸಿದ್ದರು: ‘1984ರ ಕುಟುಂಬ ನ್ಯಾಯಾಲಯ ಕಾಯ್ದೆಯ ಪ್ರಕಾರ ನ್ಯಾಯಾಧೀಶರು ಮೊದಲು ರಾಜಿಗೆ ಪ್ರಯತ್ನಿಸಲೇಬೇಕು. ಹೇಗಿದ್ದರೂ ಅಲ್ಲಿ ನಿಮ್ಮನ್ನು ಸಮಾಲೋಚನೆಗೆ ಕಳಿಸುತ್ತಾರೆ. ಕೋರ್ಟಿನ ಮೆಟ್ಟಿಲು ಹತ್ತುವ ಮುಂಚೆಯೇ ಒಮ್ಮೆ ಹೋಗಿ ನೋಡಿ. ಆಮೇಲೂ ಬೇಡವೆನಿಸಿದರೆ ನಾನಂತೂ ಇಲ್ಲೇ ಇರುತ್ತೇನೆ.’ ಕಕ್ಷಿದಾರರನ್ನು ಹಾಗೆ ವಾಪಸು ಕಳಿಸುವ ವಕೀಲರು ಎಷ್ಟಿದ್ದಾರೋ ತಿಳಿಯದು. ನಮ್ಮ ಪಾಲಿಗೆ ಒಬ್ಬರು ಸಿಕ್ಕಿದರು.

ನಾನು ನೋಟ್‌ಪುಸ್ತಕವನ್ನು ತಂದು ಊಟದ ಮೇಜಿನ ಮೇಲಿಟ್ಟೆ. ಅವಳು ಓದಿದಳು. ಬಹಳ ಹೊತ್ತಾದ ಮೇಲೆ, ‘ಹೋಗೋಣವಾ?’ ಎಂದಳು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ವಕೀಲರ ಬಳಿಗೆ ಎಂದುಕೊಂಡೇ, ‘ಹೂಂ’ ಎಂದೆ.

ಅವಳು ಕರೆದದ್ದು ಸಮಾಲೋಚನೆಗೆ. ಮೊದಲು ಹೋದ ಕಡೆ ಹಣವೂ ಹೋಯಿತು, ಹೊತ್ತೂ ಹೋಯಿತು. ಫಲಕದ ಮೇಲೆ ‘ಆಪ್ತಸಮಾಲೋಚಕರು’ ಎಂದು ದೊಡ್ಡದಾಗಿ ಬರೆಸಿಕೊಂಡಿದ್ದ ಮಹನೀಯರು ಇಪ್ಪತ್ತು ನಿಮಿಷದಲ್ಲಿ ನನ್ನ ಹೆಂಡತಿಗೆ ಗಂಡಸರ ಸ್ವಭಾವದ ಬಗ್ಗೆ ಉಪನ್ಯಾಸ ಕೊಟ್ಟು, ಸಂಜೆ ಹೊತ್ತು ದೀಪ ಹಚ್ಚಿ ನಗುಮೊಗದಿಂದಿರಲು ಹೇಳಿದರು. ಕೆ.ಆರ್. ನಗರದ ಪಂಚಾಯಿತಿಯಲ್ಲಿ ಕೇಸರಿಬಾತಾದರೂ ಇತ್ತು. ನಮ್ಮಲ್ಲಿ ಇಂಥ ಫಲಕ ತೂಗುಹಾಕಲು ಯಾರ ತಡೆಯೂ ಇದ್ದಂತಿಲ್ಲ. ಎರಡನೆಯ ಸಲ ನಾವು ಹುಷಾರಾದೆವು. ಫೋನಿನಲ್ಲೇ ಓದು ಏನು, ಎಲ್ಲಿ ತರಬೇತಿ, ದಂಪತಿಗಳ ಜೊತೆ ಎಷ್ಟು ಕೆಲಸ ಮಾಡಿದ್ದೀರಿ ಎಂದು ಕೇಳಿದೆವು. ಕ್ಲಿನಿಕಲ್ ಸೈಕಾಲಜಿಸ್ಟ್ ಆದವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ; ಅದನ್ನೂ ಕೇಳಿದೆವು. ಈ ಸಲದ ಸಮಾಲೋಚಕಿ ಬೇಸರಿಸದೆ ಎಲ್ಲಕ್ಕೂ ಉತ್ತರ ಕೊಟ್ಟರು. ಅಷ್ಟರಿಂದಲೇ ಅರ್ಧ ನಂಬಿಕೆ ಬಂತು.

ಸರಸ್ವತಿಪುರಂನಲ್ಲಿ ಮಹಡಿಯ ಮೇಲಿನ ಕೋಣೆ. ಒಂದು ಸಲಕ್ಕೆ 1,200 ರೂಪಾಯಿ, ಒಂದು ಗಂಟೆ ಕಾಲು. ನಾನು ಸ್ಕೂಟರನ್ನು ಎರಡು ಬೀದಿ ಆಚೆ ನಿಲ್ಲಿಸಿದೆ. ಅದೇ ಬೀದಿಯಲ್ಲಿ ನಮ್ಮ ಕಾಲೇಜಿನವರ ಮನೆಯಿತ್ತು. ಅಮ್ಮನಿಗೆ ವಿಷಯ ತಿಳಿದಾಗ, ‘ಹುಚ್ಚಾಸ್ಪತ್ರೆಗೆ ಹೋಗುವಂಥದ್ದೇನಾಯಿತೋ ನಿಮಗೆ?’ ಎಂದು ಅತ್ತಿದ್ದಳು. ನನಗೂ ಒಳಗೊಳಗೆ ಅದೇ ಅಳುಕು.

ಮೊದಲ ದಿನ ಇಬ್ಬರನ್ನೂ ಕೂಡಿಸಿ ಮಾತನಾಡಿಸಿದರು. ಮುಂದಿನ ವಾರ ಒಬ್ಬೊಬ್ಬರನ್ನೇ ಕರೆದರು. ಆ ಒಂಟಿ ಭೇಟಿಯಲ್ಲಿ ನನ್ನನ್ನು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು: ‘ಮನೆಯಲ್ಲಿ ಯಾರಾದರೂ ಯಾರ ಮೇಲಾದರೂ ಕೈ ಮಾಡಿದ್ದು ಉಂಟೆ? ನಿಮಗೆ ಅವರ ಭಯವಿದೆಯೆ? ಅವರಿಗೆ ನಿಮ್ಮ ಭಯವಿದೆಯೆ?’ ನನ್ನ ಮುಖ ಕೆಂಪಾಯಿತು. ‘ಎಲ್ಲರನ್ನೂ ಕೇಳುತ್ತೇನೆ. ಹೊಡೆತ ಬಡಿತ ಇರುವ ಕಡೆ ನಾನು ಜೊತೆಯಾಗಿ ಕೂಡಿಸುವುದಿಲ್ಲ. ಇಲ್ಲಿ ಬಾಯಿಬಿಟ್ಟದ್ದಕ್ಕೆ ಮನೆಗೆ ಹೋದ ಮೇಲೆ ಏಟು ಬೀಳುತ್ತದೆ. ಅಂಥವರಿಗೆ ಮೊದಲು ಬೇಕಾದದ್ದು ರಕ್ಷಣೆ’ ಎಂದರು. ಗೋಡೆಯ ಮೇಲೆ ಮಹಿಳಾ ಸಹಾಯವಾಣಿ 181 ಎಂಬ ಚೀಟಿ ಇದ್ದುದನ್ನು ನಾನು ಆಗ ಗಮನಿಸಿದೆ. ಇನ್ನೊಂದು ಷರತ್ತನ್ನೂ ಹೇಳಿದರು: ಒಂಟಿಯಾಗಿದ್ದಾಗ ಹೇಳಿದ್ದು ಇನ್ನೊಬ್ಬರಿಗೆ ಸಂಬಂಧಿಸಿದ ಗುಟ್ಟಾಗಿದ್ದರೆ ಅದನ್ನು ಅವರು ಬಚ್ಚಿಟ್ಟುಕೊಳ್ಳುವುದಿಲ್ಲ, ನಾವೇ ಹೇಳುವಂತೆ ದಾರಿ ಮಾಡುತ್ತಾರೆ.

ನಾನು ಕಾಯುತ್ತಿದ್ದುದು ತೀರ್ಪಿಗೆ. ಯಾರದು ಸರಿ ಎಂದು ಓದಿದವರೊಬ್ಬರು ಹೇಳಿದರೆ ಸಾಕೆಂದುಕೊಂಡಿದ್ದೆ. ಮೂರನೆಯ ಭೇಟಿಯಲ್ಲಿ ಆಕೆ ಒಂದು ಹಾಳೆಯ ಮೇಲೆ ದೊಡ್ಡ ವೃತ್ತ ಬರೆದರು. ಒಂದು ಕಡೆ ‘ಕೂಗುತ್ತಾಳೆ’, ಎದುರಿಗೆ ‘ಸುಮ್ಮನಾಗುತ್ತಾನೆ’, ಮತ್ತೆ ‘ಇನ್ನೂ ಜೋರಾಗಿ ಕೂಗುತ್ತಾಳೆ’, ‘ತಾರಸಿಗೆ ಹೋಗುತ್ತಾನೆ’. ಬಾಣದ ಗುರುತು ಹಾಕಿ, ‘ಎಲ್ಲಿಂದ ಶುರು?’ ಎಂದರು. ನಾನು ‘ಕೂಗುತ್ತಾಳೆ’ ಎಂಬುದರ ಮೇಲೆ ಬೆರಳಿಟ್ಟೆ. ಅವಳು ‘ಸುಮ್ಮನಾಗುತ್ತಾನೆ’ ಎಂಬುದರ ಮೇಲಿಟ್ಟಳು. ಬೀಜ ಮೊದಲೋ ಮರ ಮೊದಲೋ! ನಮ್ಮ ಹದಿಮೂರು ವರ್ಷದ ಸಂಸಾರ ಆ ಹಾಳೆಯಲ್ಲಿ ಗಾಣದೆತ್ತಿನ ಹಾಗೆ ಸುತ್ತುತ್ತಿತ್ತು. ಕೆನಡಾದ ಮನಶ್ಶಾಸ್ತ್ರಜ್ಞರಾದ ಸ್ಯೂ ಜಾನ್ಸನ್ ಮತ್ತು ಲೆಸ್ಲಿ ಗ್ರೀನ್‌ಬರ್ಗ್ 1980ರ ದಶಕದಲ್ಲಿ ರೂಪಿಸಿದ ದಂಪತಿ ಸಮಾಲೋಚನೆಯ ಪದ್ಧತಿಯಲ್ಲಿ ಮೊದಲ ಕೆಲಸವೇ ಈ ಸುತ್ತನ್ನು ಗುರುತಿಸುವುದಂತೆ. ಒಬ್ಬರು ಬೆನ್ನುಹತ್ತುವುದು, ಒಬ್ಬರು ಹಿಂದೆ ಸರಿಯುವುದು. ಗ್ರಂಥಪಾಲಕನ ಚಪಲ, ಇದನ್ನೆಲ್ಲ ಮರುದಿನವೇ ಹುಡುಕಿ ಓದಿದ್ದೆ. ಓದಿದ್ದರಿಂದ ಮನೆಯಲ್ಲಿ ಏನೂ ಬದಲಾಗಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಆ ವಾರವೂ ಎರಡು ಸಲ ಜಗಳವಾಯಿತು.

ನೋಟ್‌ಪುಸ್ತಕದ ಕಥೆ ಕೇಳಿ ಆಕೆ ನಗಲಿಲ್ಲ. ‘ಇಬ್ಬರ ನಡುವಿನ ಬಿಗುವನ್ನು ಮೂರನೆಯವರ ತಲೆಗೆ ಕಟ್ಟುವುದು’ ಎಂದರು. ತ್ರಿಕೋನ ಎಂದೇ ಇದಕ್ಕೆ ಹೆಸರು. ಅಂದಿನಿಂದ ಮಗಳ ಅಂಚೆ ಕಚೇರಿ ಬಂದ್. ಅವಳಿಗೆ ಅದರಿಂದ ಸಂತೋಷವಾಯಿತೋ ಆದಾಯ ಹೋಯಿತೆಂದು ಬೇಸರವಾಯಿತೋ ಗೊತ್ತಾಗಲಿಲ್ಲ.

ನಾಲ್ಕನೆಯ ಭೇಟಿಯನ್ನು ನಾನು ಮರೆಯುವ ಹಾಗಿಲ್ಲ. ಸಾಲದ ವಿಷಯ ಮೊದಲ ಬಾರಿ ನೇರವಾಗಿ ಮೇಜಿನ ಮೇಲೆ ಬಂತು. ಹೆಂಡತಿ ಹೇಳುತ್ತಾ ಹೋದಳು. ನಾನು ಎಂದಿನಂತೆ ಕಿಟಕಿಯಾಚೆ ಹೊಂಗೆ ಮರ ನೋಡುತ್ತಾ ಕುಳಿತೆ. ‘ನೋಡಿ ಮೇಡಂ, ಹೀಗೆ. ಕಲ್ಲು. ಇವರಿಗೆ ಏನೂ ತಟ್ಟುವುದಿಲ್ಲ’ ಎಂದಳು. ಆಕೆ ಎದ್ದು ಮೇಜಿನ ಡ್ರಾಯರಿನಿಂದ ಆಕ್ಸಿಮೀಟರ್ ತೆಗೆದರು. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದು ಆಮೇಲೆ ಮೂಲೆ ಸೇರಿದ ಅದೇ ಬಟ್ಟೆ ಕ್ಲಿಪ್ಪಿನಂಥ ಯಂತ್ರ. ‘ಸರ್, ನಿಮ್ಮ ಒಪ್ಪಿಗೆ ಇದ್ದರೆ’ ಎಂದು ನನ್ನ ತೋರುಬೆರಳಿಗೆ ಸಿಕ್ಕಿಸಿ, ‘ನೀವು ಮುಂದುವರಿಸಿ ಅಮ್ಮ’ ಎಂದರು.

ಅವಳು ಮುಂದುವರಿಸಿದಳು. ಕೆಂಪು ಅಂಕಿಗಳು ಮಿನುಗಿದವು. ಆಮ್ಲಜನಕ 98. ಕೆಳಗಡೆ ನಾಡಿ 94, 101, 108. ‘ನಿಮ್ಮ ತಮ್ಮನ ಮುಂದೆ ನಾನು ಯಾರು?’ ಎಂದಾಗ 112. ಅವಳು ವಾಕ್ಯದ ನಡುವೆ ನಿಂತುಬಿಟ್ಟಳು. ಬಗ್ಗಿ ಅಂಕಿಯನ್ನು ನೋಡಿದಳು, ಕ್ಯಾಷ್ ಕೌಂಟರಿನಲ್ಲಿ ನೋಟಿನ ಕಟ್ಟನ್ನು ಎರಡನೆಯ ಸಲ ಎಣಿಸುವವಳಂತೆ. ನನ್ನ ಮುಖ ನೋಡಿದಳು, ಮತ್ತೆ ಅಂಕಿ ನೋಡಿದಳು. ‘ಇಷ್ಟು ಹೊತ್ತೂ ಹೀಗೇ ಇತ್ತಾ?’ ಎಂದಳು. ಅವಳು ಕೇಳಿದ್ದು ಇವತ್ತಿನದನ್ನೋ, ಹದಿಮೂರು ವರ್ಷದ್ದನ್ನೋ! ನನಗೆ ಗಂಟಲು ಕಟ್ಟಿತು. ‘ಭಯವಾಗುತ್ತದೆ’ ಎಂದೆ. ಗಂಡಸಾಗಿ ಹೆಂಡತಿಯ ಮುಂದೆ ಆ ಮಾತನ್ನು ಹೇಳಿದ್ದು ಅದೇ ಮೊದಲು.

ಅಮೆರಿಕದ ಸಿಯಾಟಲ್‌ನಲ್ಲಿ ಜಾನ್ ಗಾಟ್ಮನ್ ಎಂಬ ಮನಶ್ಶಾಸ್ತ್ರಜ್ಞ ಗಂಡಹೆಂಡಿರನ್ನು ಎದುರುಬದುರು ಕೂರಿಸಿ, ಮೈಗೆ ತಂತಿ ಸಿಕ್ಕಿಸಿ, ವಾದ ಮಾಡಲು ಬಿಟ್ಟು ಎದೆಬಡಿತ ಅಳೆದಿದ್ದಾರೆ. ಬಡಿತ ನಿಮಿಷಕ್ಕೆ 100 ದಾಟಿದ ಮೇಲೆ ಎದುರಿನವರ ಮಾತು ಕಿವಿಗೆ ಬಿದ್ದರೂ ತಲೆಗೆ ಇಳಿಯುವುದಿಲ್ಲ ಎನ್ನುತ್ತಾರೆ ಅವರು. ಸಂಬಂಧ ಹಾಳಾಗುವುದರ ನಾಲ್ಕು ಲಕ್ಷಣಗಳನ್ನೂ ಪಟ್ಟಿ ಮಾಡಿದ್ದಾರೆ: ವ್ಯಕ್ತಿಯನ್ನೇ ದೂರುವುದು, ತಿರಸ್ಕಾರ, ಸಮರ್ಥನೆ, ಮೌನದ ಗೋಡೆ. ಗೋಡೆ ಕಟ್ಟುವವರಲ್ಲಿ ಹೆಚ್ಚಿನವರು ಗಂಡಸರಂತೆ. ನಾನು ಸಾಧುತನ ಎಂದುಕೊಂಡಿದ್ದು ಆ ಪಟ್ಟಿಯಲ್ಲಿ ನಾಲ್ಕನೆಯದಾಗಿ ಕುಳಿತಿತ್ತು. ನನ್ನ ಅಪ್ಪ ಸಿಟ್ಟು ಬಂದರೆ ಅಮ್ಮನ ಜೊತೆ ತಿಂಗಳುಗಟ್ಟಲೆ ಮಾತು ಬಿಡುತ್ತಿದ್ದ. ಮನೆಯಲ್ಲಿ ಸದ್ದಿರಲಿಲ್ಲವಾದ್ದರಿಂದ ಅದು ಒಳ್ಳೆಯ ಮನೆ ಎಂದೇ ಊರು ತಿಳಿದಿತ್ತು. ನಾನೂ ಹಾಗೇ ತಿಳಿದಿದ್ದೆ.

ಹೋಗುವುದು ತಪ್ಪಲ್ಲ, ಹೇಳದೆ ಹೋಗುವುದು ತಪ್ಪು ಎಂದರು ಆಕೆ. ಏದುಸಿರು ಬಂದಾಗ ‘ನನಗೆ ಈಗ ಆಗುತ್ತಿಲ್ಲ, ಇಷ್ಟು ಗಂಟೆಗೆ ಬರುತ್ತೇನೆ’ ಎಂದು ಹೊತ್ತು ಹೇಳಿ ಹೋಗಬೇಕು. ಮೈ ತಣಿಯಲು ಇಪ್ಪತ್ತು ನಿಮಿಷವಾದರೂ ಬೇಕು. ಹೇಳಿದ ಹೊತ್ತಿಗೆ ಬರಲೇಬೇಕು. ಮೊದಲ ಸಲ ‘ಒಂಬತ್ತು ಇಪ್ಪತ್ತಕ್ಕೆ ಬರುತ್ತೇನೆ’ ಎಂದು ತಾರಸಿಗೆ ಹೋದವನು ನೀರಿನ ಟ್ಯಾಂಕಿಗೆ ಒರಗಿ ನಿದ್ದೆ ಮಾಡಿಬಿಟ್ಟೆ. ಕಣ್ಣು ಬಿಟ್ಟಾಗ ಹತ್ತೂಕಾಲು. ಕೆಳಗೆ ಅವಳು ಗಡಿಯಾರದ ಎದುರು ಕುರ್ಚಿ ಹಾಕಿಕೊಂಡು ಕುಳಿತಿದ್ದಳು. ಅಂದು ಆದ ಜಗಳ ಮೂಲ ಜಗಳಕ್ಕಿಂತ ದೊಡ್ಡದು. ಆಮೇಲಿಂದ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು ಹೋಗತೊಡಗಿದೆ.

ಐದನೆಯ ಭೇಟಿಯಿಂದ ಮಾತಿನ ಅಭ್ಯಾಸ. ಆಕೆ ಒಂದು ಪೇಪರ್‌ವೆಯ್ಟ್ ಕೊಡುತ್ತಿದ್ದರು. ಅದು ಯಾರ ಕೈಯಲ್ಲಿದೆಯೋ ಅವರ ಮಾತು. ಇನ್ನೊಬ್ಬರು ಕೇಳಿ, ತಾವು ಕೇಳಿಸಿಕೊಂಡದ್ದನ್ನು ಒಪ್ಪಿಸಬೇಕು. ಒಪ್ಪಿಸಿದ್ದು ಸರಿಯಾಗಿದೆ ಎಂದು ಮಾತನಾಡಿದವರು ಒಪ್ಪಿದ ಮೇಲೆಯೇ ಉತ್ತರ. ಮಗ್ಗಿ ಒಪ್ಪಿಸಿದಂತೆ, ಇದೇನು ಮಕ್ಕಳಾಟ ಎನಿಸಿತು. ಹೆಂಡತಿ ಹೇಳಿದಳು: ‘ಸಾಲ ಕೊಟ್ಟಿರೆಂದು ನನಗೆ ಸಿಟ್ಟಿಲ್ಲ. ಬ್ಯಾಂಕಿನಲ್ಲಿ ನಾನು ದಿನಾ ನೋಡುತ್ತೇನೆ, ಗಂಡ ಜಾಮೀನು ಹಾಕಿದ್ದು ನೋಟಿಸು ಬಂದ ಮೇಲೆ ಗೊತ್ತಾಗಿ ಓಡಿ ಬರುವ ಹೆಂಗಸರನ್ನು. ಗಾಜಿನ ಈಚೆ ಕುಳಿತು, ಪಾಪ, ಇವರಿಗೆ ಗಂಡ ಒಂದು ಮಾತು ಹೇಳಬಾರದಿತ್ತೇ ಅಂದುಕೊಳ್ಳುತ್ತಿದ್ದೆ. ಆ ಹೆಂಗಸು ನಾನೇ ಆಗಿದ್ದೆ.’

ನಾನು ಒಪ್ಪಿಸಿದೆ: ‘ಸಾಲದಿಂದ ನಿನಗೆ ತೊಂದರೆಯಾಗಿದೆ, ಆದರೆ ತಮ್ಮನ ಪರಿಸ್ಥಿತಿ...’

‘ಆದರೆ ಬೇಡ ಸರ್’ ಎಂದರು ಆಕೆ.

‘ಸಾಲದಿಂದ...’

‘ಅವರು ಸಾಲ ಅನ್ನಲಿಲ್ಲ.’

ಮೂರನೆಯ ಸಲಕ್ಕೆ ಬಂತು. ‘ನಿನಗೆ ಹೇಳದೆ ಇದ್ದುದರಿಂದ, ಆ ಹೆಂಗಸರ ಸಾಲಿನಲ್ಲಿ ನಿನ್ನನ್ನು ನಿಲ್ಲಿಸಿದೆ.’ ಅವಳು ತಲೆಯಾಡಿಸಿದಳು. ಪೇಪರ್‌ವೆಯ್ಟನ್ನು ನನ್ನ ಕೈಗೆ ಕೊಡುವುದನ್ನು ಮರೆತು ಅದನ್ನೇ ಹಿಡಿದುಕೊಂಡು ಕಣ್ಣೊರೆಸಿಕೊಂಡಳು.

ಎಲ್ಲವೂ ನನಗೇ ಪಾಠವಾಗಿರಲಿಲ್ಲ. ‘ನಿಮ್ಮ ಮನೆತನವೇ ಹಾಗೆ, ನೀವು ಯಾವಾಗಲೂ ಹಾಗೆ’ ಎಂದು ಅವಳು ಶುರು ಮಾಡಿದಾಗಲೆಲ್ಲ ಆಕೆ ತಡೆಯುತ್ತಿದ್ದರು. ‘ನೀವು’ ಎಂದು ಬೆರಳು ತೋರುವ ಬದಲು ‘ನನಗೆ’ ಎಂದು ಶುರು ಮಾಡಿ ಎನ್ನುತ್ತಿದ್ದರು. ಏಳನೆಯ ಭೇಟಿಯಲ್ಲಿ ಅವಳು ಸಿಡಿದಳು. ‘ನನ್ನ ಮಾವನ ಮನೆಯಲ್ಲೂ ಇದನ್ನೇ ಹೇಳಿದರು ಮೇಡಂ, ಮೆತ್ತಗೆ ಮಾತನಾಡು ಅಂತ. ಮುಚ್ಚಿಟ್ಟವರು ಇವರು. ಹಿತವಾಗಿ ಮಾತನಾಡುವ ಕೆಲಸವೂ ನನ್ನದೇ?’ ಕೋಣೆ ತಣ್ಣಗಾಯಿತು. ಆಕೆ ಸ್ವಲ್ಪ ಹೊತ್ತು ಯೋಚಿಸಿ, ‘ನೀವು ಹೇಳುವುದು ನ್ಯಾಯ. ನಾನು ನಿಮ್ಮ ದನಿಯನ್ನೇ ಹೆಚ್ಚು ತಿದ್ದುತ್ತಿದ್ದೇನೆ. ಜೋರಾಗಿಯೇ ಹೇಳಿ, ಮನೆತನಕ್ಕೆ ಹೇಳಬೇಡಿ, ಇವರಿಗೆ ಹೇಳಿ’ ಎಂದರು. ಸಮಾಲೋಚಕರು ತಮ್ಮ ತಪ್ಪನ್ನು ನಮ್ಮೆದುರೇ ಒಪ್ಪಿಕೊಂಡದ್ದು ನನಗೆ ಎಲ್ಲ ಅಭ್ಯಾಸಗಳಿಗಿಂತ ಹೆಚ್ಚು ಕಲಿಸಿತು. ತಪ್ಪೊಪ್ಪಿಕೊಂಡ ಮೇಲೂ ಆಕೆಯ ಗೌರವ ಒಂದು ಗುಂಜಿಯಷ್ಟೂ ಕಡಿಮೆಯಾಗಿರಲಿಲ್ಲ.

ಮನೆಯಲ್ಲಿ ಪೇಪರ್‌ವೆಯ್ಟ್ ಇರಲಿಲ್ಲ. ಮೊದಲ ದಿನ ಕೈಗೆ ಸಿಕ್ಕಿದ್ದು ಸಾರಿನ ಸೌಟು. ಅದೇ ಗಟ್ಟಿಯಾಯಿತು. ವಾರಕ್ಕೆರಡು ಸಂಜೆ, ಮಗಳು ಟ್ಯೂಷನ್ನಿಗೆ ಹೋದಾಗ, ಅಡುಗೆಮನೆಯಲ್ಲಿ ಅರ್ಧ ಗಂಟೆ. ಸೌಟು ಹಿಡಿದವರ ಮಾತು. ಒಮ್ಮೆ ಅವಳು ಸೌಟನ್ನು ಬಿಡಲೇ ಇಲ್ಲ. ಒಲೆಯ ಮೇಲಿನ ಸಾರು ತಳ ಹಿಡಿಯಿತು. ‘ಸೌಟು ಕೊಡು, ತಿರುವಬೇಕು’ ಎಂದದ್ದಕ್ಕೆ, ‘ಮಾತಿಗಾ, ಸಾರಿಗಾ?’ ಎಂದಳು. ಎಷ್ಟೋ ತಿಂಗಳ ಮೇಲೆ ಇಬ್ಬರೂ ನಕ್ಕೆವು.

ಐದು ತಿಂಗಳಲ್ಲಿ ಹತ್ತು ಭೇಟಿ. 12,000 ರೂಪಾಯಿ. ಏನು ಬಗೆಹರಿಯಿತು ಎಂದು ಕೇಳುವವರಿದ್ದಾರೆ. ಐದು ಸಾವಿರಕ್ಕೆ ಮೇಲ್ಪಟ್ಟ ಯಾವ ಖರ್ಚನ್ನೂ ಕೊಡುಗೆಯನ್ನೂ ಒಬ್ಬರೇ ಮಾಡುವಂತಿಲ್ಲ. ತಮ್ಮನನ್ನು ಕರೆದು ಮೂವರೂ ಕುಳಿತು ಮಾತನಾಡಿದೆವು. ತಿಂಗಳಿಗೆ ನಾಲ್ಕು ಸಾವಿರ ವಾಪಸು ಕೊಡುತ್ತಿದ್ದಾನೆ, ಕೆಲವು ತಿಂಗಳು ತಪ್ಪುತ್ತದೆ. ಅಮ್ಮ ನಮ್ಮಲ್ಲಿ ಎಷ್ಟು ತಿಂಗಳು ಇರಬೇಕು ಎಂಬುದು ಬಗೆಹರಿದಿಲ್ಲ. ಬಗೆಹರಿಯುವಂತೆಯೂ ಕಾಣುವುದಿಲ್ಲ. ದಂಪತಿಗಳ ತಕರಾರುಗಳಲ್ಲಿ ಮೂರರಲ್ಲಿ ಎರಡು ಪಾಲು ಕೊನೆಯ ತನಕ ಹಾಗೇ ಉಳಿಯುವಂಥವು ಎಂಬುದು ಅದೇ ಗಾಟ್ಮನ್ ಅವರ ಲೆಕ್ಕ. ಅದನ್ನು ಓದಿದಾಗ ನನಗೆ ಬಹಳ ಸಮಾಧಾನವಾಯಿತು. ಹೆಂಡತಿಗೆ ಓದಿ ಹೇಳಿದಾಗ, ‘ಅದಕ್ಕೂ ಪುಸ್ತಕದ ಸಾಕ್ಷಿ ಬೇಕಿತ್ತಾ ನಿಮಗೆ?’ ಎಂದಳು. ವಕೀಲರು ಕೊಟ್ಟ ಕಡತ ಇನ್ನೂ ಬೀರುವಿನಲ್ಲಿ, ಸೀರೆಗಳ ಕೆಳಗಿದೆ. ಎಸೆಯಲು ಅವಳು ಒಪ್ಪಿಲ್ಲ, ನಾನೂ ಕೇಳಿಲ್ಲ. ಮಗಳಿಗೆ 43 ರೂಪಾಯಿ ಸಂದಾಯ ಮಾಡಿ ನೋಟ್‌ಪುಸ್ತಕದಲ್ಲಿ ರಸೀದಿ ಬರೆಸಿಕೊಂಡೆ.

ಹೋದ ತಿಂಗಳು ರಾತ್ರಿ ಎಂಟೂವರೆಗೆ ತಮ್ಮನ ಫೋನು ಬಂತು. ಕೊಳವೆಬಾವಿಯ ಮೋಟರು ಸುಟ್ಟಿದೆ, ನಲವತ್ತು ಸಾವಿರ ಬೇಕು ಎಂದ. ‘ವಿಚಾರಿಸಿ ಹೇಳುತ್ತೇನೆ’ ಎಂದು ಇಟ್ಟೆ. ಅಡುಗೆಮನೆಯ ಬಾಗಿಲ ತನಕ ಹೋದೆ. ನಾಲಿಗೆಯ ತುದಿಯಲ್ಲಿ ‘ಕಾಫಿ ಇದೆಯಾ?’ ಇತ್ತು. ನುಂಗಿಕೊಂಡು, ‘ತಮ್ಮ ಫೋನು ಮಾಡಿದ್ದ. ನಲವತ್ತು ಸಾವಿರ ಕೇಳುತ್ತಿದ್ದಾನೆ’ ಎಂದೆ.

ಅವಳ ಕೈ ಒಗ್ಗರಣೆಯ ಮೇಲೆ ನಿಂತಿತು. ‘ನನಗೆ ಸಿಟ್ಟು ಬರುತ್ತಿದೆ ರೀ. ಮೊದಲು ಊಟ ಮಾಡೋಣ’ ಎಂದಳು.

ಉಂಡೆವು. ಮಲಗಲಿಲ್ಲ, ಹನ್ನೊಂದೂವರೆಯ ತನಕ ಮಾತನಾಡಿದೆವು. ನಡುವೆ ಒಮ್ಮೆ ನಾನು ಅಲಾರಂ ಇಟ್ಟುಕೊಂಡು ತಾರಸಿಗೆ ಹೋಗಿ ಬಂದೆ. ಹಳೆಯ ಬಾಕಿ ತೀರುವ ತನಕ ಹೊಸ ಸಾಲವಿಲ್ಲ. ಮೋಟರಿನ ರಿಪೇರಿಗೆ ಹದಿನೈದು ಸಾವಿರ ಮಾತ್ರ, ಅದನ್ನೂ ಮೆಕ್ಯಾನಿಕ್‌ಗೇ ನೇರವಾಗಿ ಕೊಡುವುದು. ಬೆಳಿಗ್ಗೆ ಅವನಿಗೆ ಹೇಳುವುದು ಹೇಗೆಂದು ನಾನು ಫೋನನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತಿದ್ದೆ. ಅವಳು ಬ್ಯಾಂಕಿಗೆ ಹೊರಟವಳು ಚಪ್ಪಲಿ ಮೆಟ್ಟಿಕೊಳ್ಳುತ್ತಾ, ‘ಕೊಡಿ ಇಲ್ಲಿ, ನಾನೇ ಮಾತನಾಡುತ್ತೇನೆ’ ಎಂದು ಕೈ ಚಾಚಿದಳು.